ದುರಂತದ ನಂತರ ಮಕ್ಕಳ, ಮನೆಯವರ ಜೊತೆ ನಿಲ್ಲುವುದು ಹೇಗೆ? ತಾಳವಾಡಿ ಬೆಟ್ಟ ಕಲಿಸುವ ಪಾಠ

ಎಲ್ಲೇ ಗುಡ್ಡ ಕುಸಿಯಲಿ, ನೆರೆ ಬರಲಿ, ನಮ್ಮ ಕರಾವಳಿಯ ಯುವಕರು ಅಕ್ಕಿ, ಬಟ್ಟೆ, ಕಂಬಳಿ ತುಂಬಿಸಿಕೊಂಡು ಮೊದಲ ದಿನವೇ ಹೊರಡುತ್ತಾರೆ. 2018ರಲ್ಲಿ ಕೊಡಗಿಗೆ ಹೋದರು, 2024ರ ಜುಲೈಯಲ್ಲಿ ವಯನಾಡಿನ ಚೂರಲ್‌ಮಲ, ಮುಂಡಕೈಗೂ ಹೋದರು. 2010ರ ಮೇ 22ರ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡಾಗ ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳ ಬಾಗಿಲಲ್ಲಿ ಊರಿಗೆ ಊರೇ ನಿಂತಿತ್ತು. ಆದರೆ ಎರಡು ವಾರ ಕಳೆದು ಜನ ಚದುರಿದ ಮೇಲೆ ಆ ಮನೆಯ ಮಗು ರಾತ್ರಿ ನಿದ್ದೆ ಮಾಡುತ್ತದಾ? ಮತ್ತೆ ಶಾಲೆಗೆ ಹೋಯಿತಾ? ತಾಯಿಯ ಕೈಗೆ ಪರಿಹಾರದ ಹಣ ಸಿಕ್ಕಿತಾ? ಇದನ್ನೆಲ್ಲ ಕೇಳುವವರು ಕಡಿಮೆ.

ಹೀಗೆ ಕೇಳುವವರೇ ಇಲ್ಲದೆ ವರ್ಷಗಟ್ಟಲೆ ಉಳಿದುಹೋದ ಒಂದು ಕನ್ನಡ ಸೀಮೆ ಉಂಟು. ಅದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ. ಅಲ್ಲಿ ಏನಾಯಿತು ಎಂಬುದನ್ನು ನೋಡಿಕೊಂಡು, ದುರಂತಕ್ಕೆ ಸಿಕ್ಕ ಮಕ್ಕಳಿಗೆ, ಕುಟುಂಬಗಳಿಗೆ ನಾವು ಏನು ಮಾಡಬಹುದು ಎಂಬ ಮಾಹಿತಿ ಇಲ್ಲಿದೆ.

ತಾಳವಾಡಿ ಎಲ್ಲಿದೆ?

ಚಾಮರಾಜನಗರದಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಬೆಟ್ಟದ ಮೇಲಿನ ಬಯಲು ಸೀಮೆ ಇದು. ಜನರ ಮನೆಮಾತು ಹೆಚ್ಚಾಗಿ ಕನ್ನಡ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲದ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. 2022ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಉಂಟು. ಸುತ್ತಲೂ ಕಾಡು. 2013ರಲ್ಲಿ ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಂಚಿನಲ್ಲಿ ಸೋಲಿಗರ ಹಾಡಿಗಳು, ಬಯಲಲ್ಲಿ ರೈತರ ಊರುಗಳು.

ಹೊರಗಿನವರಿಗೆ ಈ ಸೀಮೆ ಗೊತ್ತಾಗಿದ್ದು 2000ದ ಜುಲೈ 30ರ ರಾತ್ರಿ. ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ ದೊಡ್ಡ ಗಾಜನೂರು ಇರುವುದು ಇಲ್ಲೇ. 108 ದಿನ ಕರ್ನಾಟಕ ಉಸಿರು ಬಿಗಿಹಿಡಿದು ಕೂತಿತ್ತು. ನವೆಂಬರ್ 15ರಂದು ಅವರು ಬಿಡುಗಡೆಯಾದ ಮೇಲೆ ಕ್ಯಾಮೆರಾಗಳು ವಾಪಸ್ ಹೋದವು. ಆದರೆ ಇಲ್ಲಿನ ಜನರ ಭಯ ಆ ರಾತ್ರಿ ಶುರುವಾದದ್ದಲ್ಲ, ಆ ನವೆಂಬರ್‌ನಲ್ಲಿ ಮುಗಿದದ್ದೂ ಅಲ್ಲ.

ಎರಡು ಕಡೆಯ ಹೆದರಿಕೆ

1990ರ ದಶಕದಲ್ಲಿ ವೀರಪ್ಪನ್ ಬೇಟೆಗೆ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಈ ಬೆಟ್ಟಗಳಿಗೆ ಬಂತು. ಕಾಡಿನೊಳಗೆ ವೀರಪ್ಪನ್ ಕಡೆಯವರು ಅಕ್ಕಿ ಕೇಳುತ್ತಾರೆ, ಕೊಡದಿದ್ದರೆ ಪೊಲೀಸರ ಮಾಹಿತಿದಾರ ಎಂದು ಕೊಲ್ಲುತ್ತಾರೆ. ಕೊಟ್ಟರೆ ಕಾರ್ಯಪಡೆ ಹಿಡಿದುಕೊಂಡು ಹೋಗುತ್ತದೆ. ಸೋಲಿಗರು, ಬಡ ರೈತರು, ಕೂಲಿಗಳು ಈ ಎರಡರ ನಡುವೆ ಸಿಕ್ಕಿಹಾಕಿಕೊಂಡರು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ಕಾರ್ಯಪಡೆಯ ವಿಚಾರಣಾ ಜಾಗಕ್ಕೆ ಜನ ಇಟ್ಟ ಹೆಸರು ‘ವರ್ಕ್‌ಶಾಪ್’. ಅಲ್ಲಿ ಚಿತ್ರಹಿಂಸೆ ನಡೆಯಿತು ಎಂದು ಗಂಡಸರೂ ಹೆಂಗಸರೂ ಆಮೇಲೆ ಹೇಳಿಕೆ ಕೊಟ್ಟರು. ನೂರಕ್ಕೂ ಹೆಚ್ಚು ಮಂದಿ ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ಕೋರ್ಟ್ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ಖುಲಾಸೆಯಾದರು. ಅಷ್ಟರಲ್ಲಿ ಅಪ್ಪ ಜೈಲಿಗೆ ಹೋಗುವಾಗ ಎರಡನೇ ಕ್ಲಾಸಲ್ಲಿದ್ದ ಮಗು ಶಾಲೆ ಬಿಟ್ಟು ದನ ಕಾಯುವ ವಯಸ್ಸು ದಾಟಿತ್ತು.

ನೋವು ಒಂದೇ ಕಡೆ ಇರಲಿಲ್ಲ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಶಕೀಲ್ ಅವರ ತಂದೆ, ತಾವೇ ನಿವೃತ್ತ ಪೊಲೀಸ್ ಅಧಿಕಾರಿಯಾಗಿದ್ದ ಅಬ್ದುಲ್ ಕರೀಂ, 2000ದಲ್ಲಿ ರಾಜ್‌ಕುಮಾರ್ ಬಿಡುಗಡೆಗಾಗಿ ಸರಕಾರ ಟಾಡಾ ಕೇಸು ಹಿಂದೆ ತೆಗೆದುಕೊಳ್ಳಲು ಹೊರಟಾಗ ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷ ನವೆಂಬರ್ 7ರಂದು ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ಮಗನನ್ನು ಕಳೆದುಕೊಂಡ ಈ ತಂದೆಯ ಹೋರಾಟ ನ್ಯಾಯದ್ದು. ಅದೇ ಹೊತ್ತಿಗೆ, ಅದೇ ಕೇಸಿನಲ್ಲಿ ವರ್ಷಗಟ್ಟಲೆ ಒಳಗಿದ್ದು ಮರುವರ್ಷ ನಿರಪರಾಧಿಗಳೆಂದು ಹೊರಬಂದವರ ಮಕ್ಕಳ ಸಂಕಟವೂ ನಿಜ. ದುರಂತದ ಜಾಗದಲ್ಲಿ ಕೆಲಸ ಮಾಡುವವರು ಇವೆರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ‘ಯಾರ ಕಡೆಯವನು ನಿನ್ನಪ್ಪ’ ಎಂದು ಮಗುವಿನ ಹತ್ತಿರ ಕೇಳುವುದಕ್ಕೆ ಯಾರಿಗೂ ಹಕ್ಕಿಲ್ಲ.

ಪರಿಹಾರ ಬಂತು, ಆದರೆ ಎಷ್ಟು ತಡವಾಗಿ

ದೂರುಗಳು ಹೆಚ್ಚಾದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ಮಾಡಿತು. ಸಮಿತಿ ವರದಿ ಕೊಟ್ಟದ್ದು 2003ರ ಕೊನೆಗೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ, ಕಾರ್ಯಪಡೆಯವರಿಗೆ ಬಹುಮಾನ, ಬಡ್ತಿ ಸಿಕ್ಕಿತು. ಸಂತ್ರಸ್ತರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಕೊಡಬೇಕೆಂದು ಆಯೋಗ ಹೇಳಿದ್ದು 2007ರಲ್ಲಿ. ಬೆಟ್ಟದ ಈ ಕಥೆ ತಮಿಳು ಓದುಗರಿಗೆ ಗೊತ್ತಾಗಲು ವಕೀಲ ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ ಕಾದಂಬರಿ (2004) ಒಂದು ಕಾರಣ.

ಲೆಕ್ಕ ಹಾಕಿ ನೋಡಿ. 1993ರಲ್ಲಿ ಹತ್ತು ವರ್ಷವಿದ್ದ ಮಗುವಿಗೆ 2007ರಲ್ಲಿ 24 ವರ್ಷ. ಆ ಹದಿನಾಲ್ಕು ವರ್ಷಗಳಲ್ಲಿ ಶಾಲೆಯ ಫೀಸು, ತಾಯಿಯ ಔಷಧಿ, ತಂಗಿಯ ಮದುವೆ ಎಲ್ಲ ಸಾಲದಲ್ಲೇ ನಡೆದಿರುತ್ತದೆ. ಪರಿಹಾರ ಎಂದರೆ ಬರೀ ಮೊತ್ತವಲ್ಲ, ಯಾವಾಗ ಬಂತು ಎಂಬುದೂ ಮುಖ್ಯ. ‘ನಿನಗೆ ಆದದ್ದು ಅನ್ಯಾಯ’ ಎಂದು ಸರಕಾರದ ಬಾಯಿಂದ ಕೇಳಿಸಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗ. ಅದು ಸಿಗದವರು ತಪ್ಪು ತಮ್ಮದೇ ಇರಬೇಕು ಎಂದುಕೊಂಡು ಬದುಕುತ್ತಾರೆ.

ಈಗಿನ ಹೆದರಿಕೆ: ಆನೆ

ಇವತ್ತು ತಾಳವಾಡಿಯ ಮನೆಗಳನ್ನು ಕಾಡುವುದು ಬೇರೆ ಭಯ. ರಾಗಿ, ಜೋಳ, ಬಾಳೆ, ಕಬ್ಬಿಗೆ ರಾತ್ರಿ ಕಾವಲು ಹೋದ ಗಂಡಸರು ಆನೆ ತುಳಿತಕ್ಕೆ ಸಿಗುತ್ತಾರೆ. ರೈತರ ಸಾವಿಗೆ ಕಾರಣವಾಗಿದ್ದ, ಜನ ‘ಕರುಪ್ಪನ್’ ಎಂದು ಕರೆಯುತ್ತಿದ್ದ ಸಲಗವನ್ನು ಹಲವು ಸಲ ಪ್ರಯತ್ನಿಸಿ ಕೊನೆಗೆ 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆ ಹಿಡಿಯಿತು. ಇಂಥ ಸಾವು ದೊಡ್ಡ ದುರಂತವೆಂದು ಎಲ್ಲೂ ದಾಖಲಾಗುವುದಿಲ್ಲ, ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ ಅಷ್ಟೆ. ಆದರೆ ಆ ಮನೆಯ ಮಗುವಿಗೆ ಇದು ನೆರೆ, ಭೂಕಂಪಕ್ಕಿಂತ ಕಡಿಮೆಯದ್ದಲ್ಲ. ಅದು ನಾಳೆ ಶಾಲೆಗೆ ನಡೆಯಬೇಕಾದದ್ದು ಅದೇ ದಾರಿಯಲ್ಲಿ.

ಮಕ್ಕಳಲ್ಲಿ ಏನು ಕಾಣಿಸುತ್ತದೆ?

ಮಕ್ಕಳು ದುಃಖವನ್ನು ಮಾತಿನಲ್ಲಿ ಹೇಳುವುದು ಕಡಿಮೆ, ನಡತೆಯಲ್ಲಿ ತೋರಿಸುತ್ತಾರೆ.

ಐದು ವರ್ಷದೊಳಗಿನವರು: ತಾಯಿಯ ಸೆರಗು ಬಿಡುವುದಿಲ್ಲ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುತ್ತದೆ. ಸಣ್ಣ ಸದ್ದಿಗೂ ಬೆಚ್ಚುತ್ತಾರೆ. ಕೆಲವರು ಮಾತೇ ಕಡಿಮೆ ಮಾಡುತ್ತಾರೆ.

ಆರರಿಂದ ಹನ್ನೆರಡು ವರ್ಷದವರು: ಶಾಲೆಗೆ ಹೊರಡುವಾಗ ಹೊಟ್ಟೆನೋವು, ತಲೆನೋವು. ನಡೆದ ಘಟನೆಯನ್ನೇ ಆಟವಾಗಿ ಮತ್ತೆ ಮತ್ತೆ ಆಡುತ್ತಾರೆ. ‘ನಾನು ಆವತ್ತು ಹಟ ಮಾಡಿದ್ದಕ್ಕೇ ಅಪ್ಪ ಹೋದರು’ ಎಂದು ಒಳಗೊಳಗೇ ನಂಬಿರುತ್ತಾರೆ. ಕೇಳದಿದ್ದರೆ ಇದು ಹೊರಗೆ ಬರುವುದೇ ಇಲ್ಲ.

ಹದಿಹರೆಯದವರು: ಸಿಟ್ಟು, ಒಂಟಿತನ, ರಾತ್ರಿ ನಿದ್ದೆ ಇಲ್ಲದಿರುವುದು, ಅಮಲಿನ ಚಟ. ಹಿರಿಯ ಮಗನಾದರೆ ಓದು ಬಿಟ್ಟು ಕೂಲಿಗೆ ಹೋಗುತ್ತಾನೆ, ಎಲ್ಲರೂ ‘ಜವಾಬ್ದಾರಿಯ ಹುಡುಗ’ ಎಂದು ಹೊಗಳುತ್ತಾರೆ. ಹೆಣ್ಣುಮಗುವಾದರೆ ಬೇಗ ಮದುವೆಯ ಮಾತು ಬರುತ್ತದೆ. ಇವೆರಡೂ ಅಪಾಯದ ಸೂಚನೆಗಳೇ.

ಮೊದಲ ಕೆಲವು ವಾರ ಇವೆಲ್ಲ ಸಹಜ. ಮನೆ, ಊಟ, ಪ್ರೀತಿಯ ಜನ, ಶಾಲೆ ಸಿಕ್ಕಿದರೆ ಹೆಚ್ಚಿನ ಮಕ್ಕಳು ನಿಧಾನವಾಗಿ ಸರಿಯಾಗುತ್ತಾರೆ. ಒಂದು ತಿಂಗಳು ದಾಟಿಯೂ ಕಡಿಮೆಯಾಗದಿದ್ದರೆ, ಊಟ, ನಿದ್ದೆ, ಓದು ಪೂರ್ತಿ ನಿಂತರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬಾರದು.

ಮೊದಲ ದಿನಗಳಲ್ಲಿ ಏನು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಂದು ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಅದರ ಸಾರ ಮೂರು ಮಾತು: ನೋಡು, ಕೇಳು, ಸೇರಿಸು. ಯಾರಿಗೆ ತುರ್ತು ಅಗತ್ಯ ಇದೆ ನೋಡು, ಅವರು ಹೇಳುವುದನ್ನು ಕೇಳು, ಬೇಕಾದ ಸಹಾಯದ ಜೊತೆ ಅವರನ್ನು ಸೇರಿಸು. ಇದಕ್ಕೆ ಮನೋವೈದ್ಯರೇ ಆಗಬೇಕಿಲ್ಲ.

ಮಾಡಬೇಕಾದದ್ದು:

- ಮಗುವನ್ನು ಅದರ ಮನೆಯವರಿಂದ ಬೇರೆ ಮಾಡಬೇಡಿ. ಅಣ್ಣ ತಂಗಿಯರನ್ನು ಒಟ್ಟಿಗೇ ಇರಿಸಿ.
- ಸತ್ತವರ ಬಗ್ಗೆ ಸತ್ಯವನ್ನೇ ಸರಳವಾಗಿ ಹೇಳಿ. ‘ಅಪ್ಪ ಮಲಗಿದ್ದಾರೆ’, ‘ಗಲ್ಫಿಗೆ ಹೋಗಿದ್ದಾರೆ’ ಎಂದರೆ ಮಗು ಕಾಯುತ್ತಲೇ ಇರುತ್ತದೆ. ಹೇಳುವವರು ಮಗುವಿಗೆ ಹತ್ತಿರದವರಾಗಿರಲಿ.
- ಊಟ, ಸ್ನಾನ, ಆಟ, ಮಲಗುವ ಹೊತ್ತು ಆದಷ್ಟು ಬೇಗ ಮೊದಲಿನ ಕ್ರಮಕ್ಕೆ ಬರಲಿ.
- ಮಗು ಮಾತಾಡಿದರೆ ಕೇಳಿ. ಸುಮ್ಮನಿದ್ದರೆ ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ.

ಮಾಡಬಾರದ್ದು:

- ‘ಏನಾಯ್ತು ಹೇಳು’ ಎಂದು ಒತ್ತಾಯಿಸಬೇಡಿ. ನಡೆದದ್ದನ್ನು ಒಂದೇ ಸಲ ಕೂರಿಸಿ ಪೂರ್ತಿ ಹೇಳಿಸುವ ಪದ್ಧತಿಯಿಂದ ಲಾಭವಿಲ್ಲ, ಕೆಲವರಿಗೆ ಕೆಡುಕೂ ಆಗುತ್ತದೆ.
- ‘ಗಂಡುಮಗ ಅಳಬಾರದು’, ‘ಇನ್ನು ಮನೆಗೆ ನೀನೇ ಯಜಮಾನ’ ಎನ್ನಬೇಡಿ.
- ಫೋಟೋ, ವಿಡಿಯೋ ಬೇಡ. ಕಿಟ್ ಕೊಡುವಾಗ ಮಗುವನ್ನು ನಿಲ್ಲಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಆ ಮಗುವಿನ ಮಾನ ತೆಗೆದ ಹಾಗೆ.
- ನಿಮ್ಮ ಕೈಲಾಗದ ಭರವಸೆ ಕೊಡಬೇಡಿ. ‘ಮುಂದಿನ ವಾರ ಬರ್ತೇನೆ ಮಗಾ’ ಎಂದು ಹೇಳಿ ಹೋಗದಿದ್ದರೆ ಅದು ಇನ್ನೊಂದು ಪೆಟ್ಟು.

ನಿಮ್ಹಾನ್ಸ್ ಕಲಿಸಿದ ಏಳು ಸಂಗತಿ

1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಒಂದು ದಾರಿ ಮಾಡಿದರು. ಅಷ್ಟು ಜನರಿಗೆ ಮನೋವೈದ್ಯರು ಸಾಲುವುದಿಲ್ಲ, ಹಾಗಾಗಿ ಊರಿನ ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕರು, ಯುವಕ ಯುವತಿಯರಿಗೇ ತರಬೇತಿ ಕೊಡುವುದು. ಅವರು ಕಲಿಸುವ ಅಂಶಗಳು ಹೀಗಿವೆ: ಮನಸ್ಸಿನ ಭಾರ ಹೊರಗೆ ಹಾಕಲು ಬಿಡುವುದು, ಅವರ ಜಾಗದಲ್ಲಿ ನಿಂತು ಯೋಚಿಸುವುದು, ಗಮನ ಕೊಟ್ಟು ಕೇಳುವುದು, ಬಂಧು ಬಳಗದ ಆಸರೆ ಕೂಡಿಸುವುದು, ಕೆಲಸ ಹವ್ಯಾಸಗಳ ಕಡೆ ಮನಸ್ಸು ತಿರುಗಿಸುವುದು, ವಿಶ್ರಾಂತಿ ಮತ್ತು ಆಟ, ಹಾಗೂ ಅವರವರ ನಂಬಿಕೆ, ಪ್ರಾರ್ಥನೆಗೆ ಜಾಗ ಕೊಡುವುದು.

ಕೊನೆಯದ್ದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅದು ಸಂತ್ರಸ್ತರ ನಂಬಿಕೆ, ಸಹಾಯಕ್ಕೆ ಹೋದವರದ್ದಲ್ಲ. ಸೋಲಿಗರ ಹಾಡಿಗೆ ಹೋದರೆ ಅವರ ಮಾದಪ್ಪನ ಹಾಡು, ಗುಮಟಾಪುರದವರಿಗೆ ದೀಪಾವಳಿ ಮುಗಿದ ಮೇಲಿನ ಗೊರೆಹಬ್ಬ, ನಮ್ಮ ಮನೆಗಳಲ್ಲಾದರೆ ದುಆ, ಮಯ್ಯಿತ್ ನಮಾಝ್. ನಿಂತಿದ್ದ ಹಬ್ಬ ಮತ್ತೆ ನಡೆದರೆ ಊರು ಉಸಿರಾಡಲು ಶುರು ಮಾಡಿದೆ ಎಂದೇ ಅರ್ಥ. ಗಂಡ ತೀರಿಕೊಂಡ ಮುಸ್ಲಿಂ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿರುತ್ತಾಳೆ. ಆ ಹೊತ್ತಿನಲ್ಲಿ ಆಕೆಯನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಬದಲು ಅರ್ಜಿಯ ಕೆಲಸ ಮನೆಗೇ ತರುವ ಜನ ಬೇಕು.

ದೊಡ್ಡವರನ್ನು ಮರೆಯಬೇಡಿ

ಮಗುವಿನ ಚೇತರಿಕೆ ಅದನ್ನು ಸಾಕುವವರ ಮೇಲೆ ನಿಂತಿದೆ. ತಾಯಿ ಮೂಲೆ ಹಿಡಿದು ಕೂತರೆ ಮಗುವಿಗೆ ಎಷ್ಟು ಆಟಿಕೆ ಕೊಟ್ಟರೂ ಪ್ರಯೋಜನವಿಲ್ಲ. ಹಿಂಸೆಗೆ ಸಿಕ್ಕ ಹೆಂಗಸರು ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ. ಅಂಥ ಕಡೆ ಹೆಂಗಸರೇ ಹೋಗಬೇಕು, ಮನೆಯ ಗಂಡಸರ ಎದುರು ಕೇಳಬಾರದು. ಮೊಮ್ಮಕ್ಕಳನ್ನು ಸಾಕುವ ಹೊಣೆ ಅಜ್ಜಿಗೆ ಬಿದ್ದಿದ್ದರೆ ಆಕೆಯ ಬಿಪಿ ಮಾತ್ರೆ, ರೇಷನ್ ಕಾರ್ಡ್, ಪಿಂಚಣಿ ಕೂಡ ಮಗುವಿನ ಚಿಕಿತ್ಸೆಯೇ.

ನೆರೆಯ ಹನೂರು ತಾಲೂಕಿನ ಸುಳವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಗುಡಿಯ ವಿಷಪ್ರಸಾದ ತಿಂದು 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ನಂಬಿಕೆಯ ಜಾಗದಲ್ಲೇ ಪೆಟ್ಟು ಬಿದ್ದಾಗ ಬದುಕಿ ಬಂದವರ ದೇಹ ಮಾತ್ರವಲ್ಲ, ಮನುಷ್ಯರ ಮೇಲಿನ ಭರವಸೆಗೂ ಆರೈಕೆ ಬೇಕಾಗುತ್ತದೆ.

ಭಾಷೆಯ ಗೋಡೆ

ತಾಳವಾಡಿಯ ದೊಡ್ಡ ತೊಡಕು ಇದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಪೊಲೀಸ್ ದೂರು, ತಹಶೀಲ್ದಾರರ ವಾರಿಸು ಸರ್ಟಿಫಿಕೇಟ್, ಆಸ್ಪತ್ರೆ ಚೀಟಿ ಎಲ್ಲ ತಮಿಳಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಿ ತಾನು ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಓದಲಾರಳು. ಭಯ, ದುಃಖದ ಮಾತಂತೂ ಕಲಿತ ಭಾಷೆಯಲ್ಲಿ ಬರುವುದೇ ಇಲ್ಲ. ‘ಏನಾಯ್ತು ಕೂಸು, ಉಂಡ್ಯಾ?’ ಎಂದು ಅವರದೇ ಮಾತಿನಲ್ಲಿ ಕೇಳುವವರು ಬಂದರೆ ಅರ್ಧ ಬಾಗಿಲು ತೆರೆದ ಹಾಗೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ವಿಶ್ವಾಸ ಗಳಿಸಿದ್ದು ಅವರ ನಡುವೆಯೇ ಇದ್ದು ಕೆಲಸ ಮಾಡಿದ್ದರಿಂದ.

ನಮಗೂ ಇದು ಹೊಸದಲ್ಲ. ಬ್ಯಾರಿ ಮಾತಾಡುವ ಅಜ್ಜಿಯನ್ನು ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಆಕೆ ‘ಎಲ್ಲ ಸರಿ ಉಂಟು’ ಎಂದೇ ಹೇಳುತ್ತಾಳೆ. ಪರಿಹಾರ ತಂಡದಲ್ಲಿ ಆ ಊರಿನ ಭಾಷೆ ಬಲ್ಲ ಒಬ್ಬರಾದರೂ ಇರಲೇಬೇಕು.

ಶಾಲೆ, ಮದ್ರಸ

ಶಾಲೆ ಬೇಗ ತೆರೆಯುವುದು ಮಕ್ಕಳಿಗೆ ದೊಡ್ಡ ಔಷಧಿ. ವಯನಾಡಿನ ವೆಳ್ಳಾರ್‌ಮಲ ಶಾಲೆ ಕೊಚ್ಚಿಹೋದ ಮೇಲೆ ಸುಮಾರು ಒಂದು ತಿಂಗಳಲ್ಲಿ, 2024ರ ಸೆಪ್ಟೆಂಬರ್ 2ರಂದು, ಮೇಪ್ಪಾಡಿಯಲ್ಲಿ ಆ ಮಕ್ಕಳಿಗೆ ಮತ್ತೆ ತರಗತಿ ಶುರು ಮಾಡಿದರು. ಶಿಕ್ಷಕರು, ಉಸ್ತಾದರು ಮೊದಲ ಕೆಲವು ವಾರ ಪಾಠಕ್ಕಿಂತ ಹಾಜರಿಗೆ ಗಮನ ಕೊಡಲಿ. ಯಾರು ಬಂದಿಲ್ಲವೋ ಅವರ ಮನೆಗೆ ಹೋಗಿ. ಹೋಂವರ್ಕ್ ಮಾಡದ್ದಕ್ಕೆ ಹೊಡೆಯುವುದು, ‘ಯತೀಮ್ ಮಗು’ ಎಂದು ಎಲ್ಲರ ಎದುರು ಎಬ್ಬಿಸಿ ನಿಲ್ಲಿಸಿ ಸಹಾಯ ಕೊಡುವುದು ಎರಡೂ ಬೇಡ.

ಕಾನೂನು, ಕಾಗದಪತ್ರ

- ಒಂಟಿಯಾಗಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ‘ನಾವು ಸಾಕುತ್ತೇವೆ’ ಎಂದು ನೇರವಾಗಿ ಕರೆದುಕೊಂಡು ಹೋಗುವಂತಿಲ್ಲ. ವಯನಾಡಿನ ಸಂದರ್ಭದಲ್ಲಿ ಹಲವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮುಂದೆ ಬಂದಿದ್ದರು. ಆದರೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಕ್ರಮ ಮೀರಿದ ದತ್ತು ಅಪರಾಧ. ರಕ್ಷಣೆಯಲ್ಲಿರುವ ಮಗುವಿನ ಗುರುತು ಮಾಧ್ಯಮದಲ್ಲಿ ಬಹಿರಂಗ ಮಾಡುವುದೂ ಅಪರಾಧ.
- ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ವಿಧವೆ ತಾಯಿಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು ಅರ್ಜಿ ಹಾಕಬಹುದು. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.
- 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ದುರಂತ, ನೆರೆ, ಜನಾಂಗೀಯ ಹಿಂಸೆಗೆ ಸಿಕ್ಕವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರ ಹಕ್ಕು ಉಂಟು.
- ಕಾಡುಪ್ರಾಣಿಯಿಂದ ಸಾವಾದರೆ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪತ್ರ, ವಾರಸುದಾರರ ದಾಖಲೆ ಜೋಪಾನ ಮಾಡಿ. ದುಃಖದಲ್ಲಿ ಪರೀಕ್ಷೆ ಬೇಡ ಎಂದು ದಫನ ಅಥವಾ ಸಂಸ್ಕಾರ ಮಾಡಿದರೆ ಮುಂದೆ ಪರಿಹಾರಕ್ಕೆ ತೊಡಕಾಗುತ್ತದೆ.
- ಎಲ್ಲ ಕಾಗದದ ಎರಡು ಜೆರಾಕ್ಸ್ ತೆಗೆದು ಒಂದನ್ನು ಬೇರೆ ಮನೆಯಲ್ಲಿ ಇಡಿ.

ಕರೆ ಮಾಡಬೇಕಾದ ನಂಬರ್

ಮಕ್ಕಳ ಸಹಾಯವಾಣಿ 1098. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಇದು 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಭಾಷೆ ಆಯ್ದುಕೊಳ್ಳಬಹುದು. ಉಚಿತ ಕಾನೂನು ನೆರವಿಗೆ 15100. ಯಾವುದೇ ತುರ್ತಿಗೆ 112. ನಾಲ್ಕೂ ನಂಬರನ್ನು ಮಸೀದಿ, ಮದ್ರಸ, ಶಾಲೆ, ರೇಷನ್ ಅಂಗಡಿಯ ಗೋಡೆಗೆ ಬರೆದು ಅಂಟಿಸಿ.

ಜಮಾಅತ್‌ಗಳು ಮಾಡಬಹುದಾದ್ದು

ಪ್ರತಿ ಜಮಾಅತ್, ಯುವಕ ಸಂಘ ಒಂದು ನೋಟ್‌ಬುಕ್ ಇಡಲಿ. ದುರಂತಕ್ಕೆ ಸಿಕ್ಕ ಒಂದೊಂದು ಮನೆಗೆ ಒಂದೊಂದು ಪುಟ. ಆ ಪುಟವನ್ನು ಪದಾಧಿಕಾರಿ ಬಿಟ್ಟು ಬೇರೆಯವರು ನೋಡುವುದು ಬೇಡ. ಮೂರನೇ ದಿನ, ಮೂವತ್ತನೇ ದಿನ, ಮೂರನೇ ತಿಂಗಳು, ಒಂದು ವರ್ಷ, ಹೀಗೆ ನಾಲ್ಕು ಸಲವಾದರೂ ಒಬ್ಬರೇ ವ್ಯಕ್ತಿ ಆ ಮನೆಗೆ ಹೋಗಿ ಮೂರು ಪ್ರಶ್ನೆ ಕೇಳಲಿ: ಮಗು ಮಲಗುತ್ತದಾ, ಶಾಲೆಗೆ ಹೋಗುತ್ತದಾ, ಅರ್ಜಿ ಎಲ್ಲಿಗೆ ಬಂತು? ಉತ್ತರ ಬರೆದಿಡಲಿ. ತಾಳವಾಡಿಯ ಮಕ್ಕಳು ಈಗ ನಲವತ್ತು ದಾಟಿದ್ದಾರೆ, ಅವರಿಗೆ ಆಗ ಯಾರೂ ಈ ಮೂರು ಪ್ರಶ್ನೆ ಕೇಳಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಊರಿನಲ್ಲಿ ಆ ನೋಟ್‌ಬುಕ್ ಯಾರ ಕೈಯಲ್ಲಿರಬೇಕು ಎಂದು ತೀರ್ಮಾನ ಮಾಡಿ.